ಜನರನ್ನು ಕಾರ್ಯಕ್ಕೆ ಹಚ್ಚುವ ಇಂಗ್ಲಿಷ್ ಕ್ರಿಯಾಪದಗಳ ಬಳಕೆ

ಜನರಲ್ಲಿ ಹುರುಪು ತುಂಬಿ ಅವರನ್ನು ಕೆಲಸಕ್ಕೆ ಹಚ್ಚುವುದನ್ನು ಇಂಗ್ಲಿಷಿನಲ್ಲಿ ಬರೆಯಬೇಕಾದಾಗ ನಮ್ಮಲ್ಲಿ ಹೆಚ್ಚಿನವರು ‘ಮೋಟಿವೇಟ್’ ಎಂಬ ಒಂದೇ ಕ್ರಿಯಾಪದದಲ್ಲಿ ಎಲ್ಲವನ್ನೂ ಮುಗಿಸುತ್ತಾರೆ. ಪದವನ್ನು ಆರಿಸುವ ಮೊದಲು, ಜನ ಅದುವರೆಗೆ ಯಾವ ಸ್ಥಿತಿಯಲ್ಲಿದ್ದರು ಮತ್ತು ಅವರು ಮಾಡಿದ ಕೆಲಸವನ್ನು ಬರೆಯುವವರು ಮೆಚ್ಚುತ್ತಾರೋ ಇಲ್ಲವೋ ಎಂಬುದನ್ನು ಯೋಚಿಸಬೇಕು.

1930ರ ಉಪ್ಪಿನ ಸತ್ಯಾಗ್ರಹವನ್ನೇ ತೆಗೆದುಕೊಳ್ಳೋಣ. ಮಾರ್ಚ್ 12ರಂದು ಸಾಬರಮತಿಯಿಂದ ಹೊರಟ ಗಾಂಧೀಜಿಯವರು ಏಪ್ರಿಲ್ 6ರಂದು ದಂಡಿಯಲ್ಲಿ ಉಪ್ಪು ಎತ್ತಿದರು. ಅದೇ ತಿಂಗಳು ನಮ್ಮ ಅಂಕೋಲೆಯಲ್ಲೂ ಉಪ್ಪಿನ ಕಾನೂನನ್ನು ಮುರಿಯಲಾಯಿತು. ಆ ನಡಿಗೆ ದೇಶವನ್ನು ಒಮ್ಮೆಲೇ ಬಡಿದೆಬ್ಬಿಸಿತು ಎನ್ನಲು ‘ಗ್ಯಾಲ್ವನೈಸ್’ ತಕ್ಕ ಪದ. ಸತ್ತ ಕಪ್ಪೆಯ ಕಾಲು ವಿದ್ಯುತ್ತಿನಿಂದ ಅದುರುವುದನ್ನು ಕುರಿತು 1791ರಲ್ಲಿ ಬರೆದ ಇಟಲಿಯ ವಿಜ್ಞಾನಿ ಗ್ಯಾಲ್ವಾನಿಯ ಹೆಸರಿನಿಂದ ಬಂದ ಈ ಪದದಲ್ಲಿ ಜಡವಾಗಿದ್ದುದು ಥಟ್ಟನೆ ಎದ್ದಿತೆಂಬ ಅರ್ಥವಿರುವುದರಿಂದ, ತಿಂಗಳುಗಟ್ಟಲೆ ಕೊಟ್ಟ ತರಬೇತಿಗೆ ಅದು ಒಗ್ಗುವುದಿಲ್ಲ. (ಮಾಡಿಗೆ ಹೊದಿಸುವ ಜಿಐ ಶೀಟಿನ ‘ಜಿ’ ಕೂಡ ಇದೇ ಪದವೇ, ಅಲ್ಲಿ ಅದು ಸತುವಿನ ಲೇಪವನ್ನು ಸೂಚಿಸುತ್ತದೆ.) ದಂಡಿಯ ಮಾದರಿಯಿಂದ ಅಂಕೋಲೆಯವರು ತಾವಾಗಿಯೇ ಮುಂದಾದರು ಎನ್ನುವುದಾದರೆ ‘ಇನ್‌ಸ್ಪೈರ್’ ಬಳಸಬೇಕು. ಸ್ವಯಂಸೇವಕರನ್ನೂ ಹಣವನ್ನೂ ಕಲೆಹಾಕಿ ಅಣಿಗೊಳಿಸಿದ್ದಕ್ಕೆ ‘ಮೊಬಿಲೈಸ್’ ಸಲ್ಲುತ್ತದೆಯಾದರೂ, ಒಬ್ಬನೇ ವ್ಯಕ್ತಿಯನ್ನು ಹೊರಡಿಸಿದ್ದಕ್ಕೆ ಅದು ಹೊಂದುವುದಿಲ್ಲ. ಚದುರಿದವರನ್ನು ಮತ್ತೆ ಒಟ್ಟುಗೂಡಿಸುವುದು ‘ರ್‍ಯಾಲಿ’.

ಇದೇ ಕೆಲಸವನ್ನು ಆಗಿನ ಸರ್ಕಾರದ ಕಡೆಯಿಂದ ಬರೆದರೆ ಕ್ರಿಯಾಪದವೇ ಬದಲಾಗುತ್ತದೆ. ‘ಇನ್‌ಸೈಟ್’ (incite, ಕೆರಳಿಸು) ಎಂದೊಡನೆ ಅಪರಾಧದ ವಾಸನೆ ಬರುತ್ತದೆ; ಆದ್ದರಿಂದ ಗಲಭೆಗೋ ಹಿಂಸೆಗೋ ಅದನ್ನು ಮೀಸಲಿಟ್ಟು, ರಕ್ತದಾನ ಶಿಬಿರದ ವರದಿಯಿಂದ ದೂರವಿಡಬೇಕು. ‘ಎಗ್ ಆನ್’ ಎಂಬುದು ಕುಮ್ಮಕ್ಕು ಕೊಟ್ಟು ಮೂರ್ಖತನದ ಕೆಲಸ ಮಾಡಿಸುವುದಕ್ಕೆ, ‘ಗೋಡ್’ ಎಂಬುದು ಚುಚ್ಚಿ ಕೆಣಕುವುದಕ್ಕೆ ಸರಿ.

ವಾಕ್ಯರಚನೆಯಲ್ಲಿ ನಾವು ಹೆಚ್ಚು ಎಡವುತ್ತೇವೆ. ‘ಇನ್‌ಸ್ಪೈರ್’, ‘ಮೋಟಿವೇಟ್’, ‘ಎನ್‌ಕರೇಜ್’, ‘ಅರ್ಜ್’ ಇವುಗಳಲ್ಲಿ ವ್ಯಕ್ತಿಯ ಹೆಸರಾದ ಮೇಲೆ ‘ಟು’ ಮತ್ತು ಕ್ರಿಯಾಪದದ ಮೂಲರೂಪ ಬರಬೇಕು: ‘ಶಿ ಎನ್‌ಕರೇಜ್ಡ್ ದೆಮ್ ಟು ವೋಟ್’. ಇಲ್ಲಿ ‘ಫಾರ್ ವೋಟಿಂಗ್’ ಎನ್ನುವುದು ತಪ್ಪು. ‘ಗ್ಯಾಲ್ವನೈಸ್’, ‘ಗೋಡ್’, ‘ಪ್ರಾಡ್’ (ತಿವಿದು ಹೊರಡಿಸು) ಇವುಗಳ ಜೊತೆ ಸಾಮಾನ್ಯವಾಗಿ ‘ಇನ್‌ಟು’ ಬರುತ್ತದೆ: ‘ದಿ ಮಾರ್ಚ್ ಗ್ಯಾಲ್ವನೈಸ್ಡ್ ದಿ ಕಂಟ್ರಿ ಇನ್‌ಟು ಆ್ಯಕ್ಷನ್’. ‘ಇನ್‌ಸ್ಟಿಗೇಟ್’ (ಪ್ರಚೋದಿಸು, ಶುರುಮಾಡಿಸು) ಪದದ ಕರ್ಮವಾಗಿ 2024ರವರೆಗೆ ಜಾರಿಯಲ್ಲಿದ್ದ ಭಾರತೀಯ ದಂಡಸಂಹಿತೆಯ ಭಾಷೆಯಲ್ಲಿ ವ್ಯಕ್ತಿ ಬಂದರೂ, ಕೋರ್ಟಿನಾಚೆಯ ಬರಹದಲ್ಲಿ ಗಲಭೆ, ತನಿಖೆಯಂತಹ ಸಂಗತಿಯನ್ನೇ ಇಟ್ಟು ಬರೆಯುವುದು ಲೇಸು.