ಬಳ್ಳಾರಿ ಬಿಸಿಲಲ್ಲಿ ರಿಸೆಪ್ಷನ್‌ಗೆ ವೈನ್: ಯಾವ್ದು ತರ್ಬೇಕು, ಹೆಂಗೆ ತಣ್ಣಗಿಡ್ಬೇಕು

ಹೋದ ಏಪ್ರಿಲ್‌ನಲ್ಲಿ ಹೊಸಪೇಟೆ ರೋಡಿನ ಒಂದು ಫಾರ್ಮ್‌ಹೌಸಲ್ಲಿ ನಮ್ಮ ಚಿಕ್ಕಪ್ಪನ ಮಗಳ ರಿಸೆಪ್ಷನ್ ಇತ್ತು. ಅಳಿಯಂದು ಬೆಂಗಳೂರು, ಅವ್ರ ಫ್ರೆಂಡ್ಸೆಲ್ಲ ವೈನ್ ಕುಡಿಯೋರು ಅಂತ ಚಿಕ್ಕಪ್ಪ ದುಡ್ಡು ನೋಡ್ದೆ ಇಪ್ಪತ್ತು ಬಾಟ್ಲಿ ಒಳ್ಳೆ ರೆಡ್ ವೈನ್ ತರ್ಸಿದ್ರು. ಬಾಟ್ಲಿ ಬಂದಿದ್ದು ಮಧ್ಯಾಹ್ನ 12ಕ್ಕೆ, ಇಟ್ಟಿದ್ದು ತಗಡಿನ ಶೆಡ್ಡಲ್ಲಿ ಜನರೇಟರ್ ಪಕ್ಕ, ರಾತ್ರಿ 8ಕ್ಕೆ ಗ್ಲಾಸಿಗೆ ಹಾಕಿದಾಗ ಕಷಾಯದಂಗೆ ಬೆಚ್ಚಗಿತ್ತು. ಮಂದಿ ಒಂದು ಗುಟುಕು ಕುಡ್ದು ಟೇಬಲ್ ಮೇಲಿಟ್ಟು ಹೋದ್ರು. ಚಿಕ್ಕಪ್ಪ ಇವತ್ತಿಗೂ ಅಂಗಡಿಯವ್ನು ಮೋಸ ಮಾಡ್ದ ಅಂತಾರೆ, ಆದ್ರೆ ವೈನ್ ಚೆನ್ನಾಗೇ ಇತ್ತು, ಕೆಡ್ಸಿದ್ದು ಬಿಸಿಲು. ಅದಾದ್ಮೇಲೆ ಇನ್ನೂ ಎರಡು ಮೂರು ಕಡೆ ಇದೇ ತಪ್ಪು ನೋಡ್ದೆ, ಅದಕ್ಕೇ ಬರೀತಿದೀನಿ.

ಮೊದಲು ಪರ್ಮಿಷನ್. ಹಾಲ್‌ನವ್ರು ಒಪ್ಪಬೇಕು (ಕಲ್ಯಾಣ ಮಂಟಪದಲ್ಲಿ ಸಾಮಾನ್ಯವಾಗಿ ಒಪ್ಪಲ್ಲ), ಅಬಕಾರಿ ಇಲಾಖೆಯಿಂದ ಆ ದಿನದ ಮಟ್ಟಿಗೆ ಸಿಎಲ್-5 ಲೈಸೆನ್ಸ್ ತಗೋಬೇಕು. ಎಲೆಕ್ಷನ್ ಟೈಮಲ್ಲಿ, ಅಕ್ಟೋಬರ್ 2ಕ್ಕೆ ಡ್ರೈ ಡೇ ಇರ್ತೈತೆ, ಡೇಟ್ ಫಿಕ್ಸ್ ಮಾಡೋವಾಗ್ಲೇ ನೋಡ್ಕೊಳ್ರಿ.

ಆಮೇಲೆ ಲೆಕ್ಕ. 400 ಮಂದಿ ಊಟಕ್ಕೆ ಬರ್ತಾರೆ ಅಂತ 400 ಮಂದಿಗೆ ವೈನ್ ತರ್ಬ್ಯಾಡ್ರಿ. ಕುಳಿತು ಹೆಸರು ಬರೀರಿ, ಯಾರ್ ಯಾರು ನಿಜವಾಗ್ಲೂ ವೈನ್ ಕುಡೀತಾರೆ ಅಂತ. ನಮ್ಮ ಕಡೆ ಕುಡಿಯೋ ಗಂಡಸರಲ್ಲಿ ಹೆಚ್ಚಿನೋರು ವಿಸ್ಕಿ, ಬಿಯರ್‌ನೋರು, ಲಿಸ್ಟ್ ತಾನಾಗೇ ಸಣ್ಣದಾಗ್ತೈತೆ. 750 ಎಂಎಲ್ ಬಾಟ್ಲಿಯಲ್ಲಿ 120 ಎಂಎಲ್‌ನ ಆರು ಗ್ಲಾಸ್ ಬರ್ತಾವೆ. 40 ಮಂದಿ ತಲಾ ಎರಡು ಗ್ಲಾಸ್ ಅಂದ್ರೆ 80 ಗ್ಲಾಸ್, 14 ಬಾಟ್ಲಿ, ಮೇಲೆ ಎರಡು ಇರ್ಲಿ. ಸೀಲ್ ಒಡೆಯದ ಬಾಟ್ಲಿ ವಾಪಸ್ ತಗೊಂತೀರಾ ಅಂತ ಅಂಗಡಿಯವ್ರನ್ನ ಮೊದಲೇ ಕೇಳಿಟ್ಕೊಳ್ರಿ.

ಇನ್ನ ಯಾವ ವೈನ್ ಅನ್ನೋದು. ಎಲ್ರೂ ವೈನ್ ಅಂದ ತಕ್ಷಣ ರೆಡ್ಡೇ ಅನ್ಕೊಂತಾರೆ, ಫೋಟೋದಲ್ಲಿ ಅದೇ ಚೆಂದ ಕಾಣ್ತೈತೆ ಅಂತ. ಆದ್ರೆ ನಮ್ಮ ಊಟ ನೋಡ್ರಿ, ಸ್ಟಾರ್ಟರ್‌ಗೆ ಮಿರ್ಚಿ ಬಜಿ, ಆಮೇಲೆ ಎಣ್ಣೆಗಾಯಿ, ಖಾರದ ಬಿರಿಯಾನಿ, ಪಕ್ಕದಲ್ಲಿ ಶೇಂಗಾ ಚಟ್ನಿ ಪುಡಿ. ಕ್ಯಾಬರ್ನೆ, ಶಿರಾಜ್ ಥರ ಗಟ್ಟಿ ರೆಡ್ ವೈನಲ್ಲಿ ದ್ರಾಕ್ಷಿ ಸಿಪ್ಪೆ, ಬೀಜದಿಂದ ಬರೋ ಟ್ಯಾನಿನ್ ಅನ್ನೋ ಒಗರು ಇರ್ತೈತೆ, ಗೋಡಂಬಿ ಹಣ್ಣು ತಿಂದಾಗ ನಾಲಿಗೆ ಹಿಡಿತದಲ್ಲ, ಹಂಗೆ. ಖಾರದ ಮೇಲೆ ಈ ಒಗರು ಬಿದ್ರೆ ಬಾಯಿ ಇನ್ನೂ ಉರೀತೈತೆ, ಆಲ್ಕೋಹಾಲ್ ಜಾಸ್ತಿ ಇದ್ದಷ್ಟೂ ಉರಿ ಜಾಸ್ತಿ. ಸ್ವಲ್ಪ ಸಿಹಿ ಇರೋ, ತಣ್ಣಗಿರೋ ಬಿಳಿ ವೈನ್ ಅದೇ ಖಾರನ್ನ ತಣಿಸ್ತೈತೆ. ಅದಕ್ಕೇ ನಾನು ಹೇಳೋದು ಶೆನಿನ್ ಬ್ಲಾಂಕ್ ಅನ್ನೋ ಬಿಳಿ ವೈನ್ ತಗೊಳ್ರಿ ಅಂತ, 16 ಬಾಟ್ಲಿ ಅಂದ್ರೆ 9 ಅದೇ ಇರ್ಲಿ. ಮೂರು ರೋಜೆ, ತಿಳಿ ಗುಲಾಬಿ ಬಣ್ಣದ್ದು, ಮೊದಲ್ನೇ ಸಲ ಕುಡಿಯೋರಿಗೆ ಹಿಡಿಸ್ತೈತೆ. ನಾಲ್ಕೇ ನಾಲ್ಕು ರೆಡ್, ಅದೂ ಮಟನ್ ಇದ್ರೆ ಮಾತ್ರ. ಊಟ ಪೂರ್ತಿ ವೆಜ್ ಇದ್ರೆ ರೆಡ್ ಬಿಟ್ಟೇಬಿಡ್ರಿ.

ಬ್ರಾಂಡ್ ವಿಷಯಕ್ಕೆ ಫಾರಿನ್ನೇ ಬೇಕು ಅಂತ ಹಠ ಬ್ಯಾಡ. ನಂದಿ ಬೆಟ್ಟದ ಕಡೆ ಗ್ರೋವರ್, ನಾಸಿಕ್‌ನ ಸುಲಾ ಎರಡೂ ಇಲ್ಲಿ ಸಿಗ್ತಾವೆ, ಎರಡರದ್ದೂ ಶೆನಿನ್ ಬ್ಲಾಂಕ್ ಐತೆ. ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯಲ್ಲೇ ಕೃಷ್ಮಾ ಎಸ್ಟೇಟ್ಸ್‌ನೋರು ಹಂಪಿ ಸೀಮೆ ಗುಡ್ಡದ ಮಣ್ಣಲ್ಲಿ ದ್ರಾಕ್ಷಿ ಬೆಳ್ದು ವೈನ್ ಮಾಡ್ತಾರೆ, ರೇಟ್ ಜಾಸ್ತಿ, ಆದ್ರೆ ಹೊರಗಿನ ಊರಿನ ಬೀಗರಿಗೆ ಇದು ನಮ್ಮ ಕಡೇದು ಅಂತ ಒಂದೆರಡು ಬಾಟ್ಲಿ ತೆರೆದು ಕೊಟ್ರೆ ಅದರ ಖುಷೀನೇ ಬೇರೆ. ಕಡಿಮೆ ರೇಟಿನ ಸಿಹಿ ಪೋರ್ಟ್ ವೈನ್ ಮಾತ್ರ ಬ್ಯಾಡವೇ ಬ್ಯಾಡ, ಜಾಮೂನಿನ ಪಾಕದಂಗಿರ್ತೈತೆ, ಮಾರ್ನೇ ದಿನ ತಲೆನೋವು ಅಂತ ಎಲ್ರೂ ನಿಮ್ಮನ್ನೇ ನೆನಿಸ್ಕೊಂತಾರೆ.

ನಮ್ಮೂರಲ್ಲಿ ಬ್ರಾಂದಿ ಅಂಗಡಿ ಮೇಲೂ ವೈನ್ಸ್ ಅಂತಾನೇ ಬೋರ್ಡ್ ಇರ್ತೈತೆ, ಒಳಗೆ ನಿಜವಾದ ವೈನ್ ಇರೋದು ಮೂಲೇಲಿ ನಾಲ್ಕು ಬಾಟ್ಲಿ, ಅದೂ ಬಿಸಿಲಿಗೆ ಮುಖ ಮಾಡಿ ವರ್ಷಗಟ್ಟಲೆ ನಿಂತಿದ್ದು. ಅದನ್ನ ತಗೋಬ್ಯಾಡ್ರಿ. ಒಳಗೆ ಎಸಿ ಇರೋ ದೊಡ್ಡ ಅಂಗಡಿಗೆ ಹದಿನೈದು ದಿನ ಮೊದಲೇ ಆರ್ಡರ್ ಕೊಟ್ಟು ಹೊಸ ಸ್ಟಾಕ್ ತರ್ಸಿ. ಲೇಬಲ್ ಮೇಲೆ ವರ್ಷ ನೋಡ್ರಿ, ಬಿಳಿ ವೈನ್ ಎರಡು ವರ್ಷದ ಒಳಗಿಂದೇ ಇರ್ಲಿ. ವೈನ್ ಹಳೇದಾದಷ್ಟೂ ರುಚಿ ಅನ್ನೋದು ಕೆಲವೇ ಕೆಲವು ದುಬಾರಿ ವೈನಿಗೆ, ಅದೂ ತಣ್ಣನೆ ನೆಲಮಾಳಿಗೇಲಿ ಇಟ್ಟಿದ್ರೆ. ಬೂಚು ಮೇಲೆ ಉಬ್ಬಿದ್ರೆ, ಬಾಟ್ಲಿ ಕುತ್ತಿಗೆಗೆ ಅಂಟಂಟು ಸೋರಿದ್ರೆ ಬಿಸಿಲಿಗೆ ಬೆಂದೈತೆ ಅಂತ ಅರ್ಥ, ವಾಪಸ್ ಕೊಡ್ರಿ. ತಿರುಗಿಸೋ ಮುಚ್ಚಳದ್ದು ಸಿಕ್ರೆ ಅದೇ ಚಲೋ, ಕೇಟರಿಂಗ್ ಹುಡುಗರ ಹತ್ರ ಬೂಚು ತೆಗೆಯೋ ಸ್ಕ್ರೂ ಇರಲ್ಲ, ಚಮಚದ ಹಿಡಿಯಿಂದ ಬೂಚನ್ನ ಒಳಗೇ ತಳ್ಳಿದ್ದನ್ನ ನನ್ನ ಕಣ್ಣಾರೆ ನೋಡೀನಿ.

ಈಗ ಎಲ್ರೂ ಎಡವೋ ಜಾಗ, ತಣ್ಣಗಿಡೋದು. ರೆಡ್ ವೈನ್ ರೂಮ್ ಟೆಂಪರೇಚರಲ್ಲಿ ಕೊಡ್ಬೇಕು ಅಂತ ಎಲ್ಲೋ ಓದಿರ್ತಾರೆ. ಆ ಮಾತು ಹುಟ್ಟಿದ್ದು ಯುರೋಪಿನ ಚಳಿ ಮನೆಗಳಲ್ಲಿ, ಅಲ್ಲಿ ರೂಮ್ ಅಂದ್ರೆ 16-18 ಡಿಗ್ರಿ. ಬಳ್ಳಾರೀಲಿ ಏಪ್ರಿಲ್-ಮೇ ಹಗಲು 40 ದಾಟ್ತೈತೆ, ರಾತ್ರಿ 8ಕ್ಕೂ ಗೋಡೆ ಮುಟ್ಟಿದ್ರೆ ಬಿಸಿ. ಹಂಗಾಗಿ ಇಲ್ಲಿ ರೆಡ್ಡನ್ನೂ ತಂಪು ಮಾಡ್ಲೇಬೇಕು, 16 ಡಿಗ್ರಿ ಹತ್ರ, ಬಿಳಿ ಮತ್ತೆ ರೋಜೆ 8ರಿಂದ 10.

ತಂದ ದಿನದಿಂದ ರಿಸೆಪ್ಷನ್ ತನಕ ಎಸಿ ರೂಮಲ್ಲಿ, ಮಂಚದ ಕೆಳಗೆ ಅಡ್ಡ ಮಲಗಿಸಿ ಇಡ್ರಿ. ಕಾರಿನ ಡಿಕ್ಕೀಲಿ ಅರ್ಧ ಗಂಟೆನೂ ಬಿಡ್ಬ್ಯಾಡ್ರಿ. ಜಾಗ ಇದ್ರೆ ಬೆಳಿಗ್ಗೇನೇ ಫ್ರಿಜ್ಜಲ್ಲಿಡ್ರಿ, ಆದ್ರೆ ಅವತ್ತು ಫ್ರಿಜ್ ತುಂಬ ಹೂವು, ಹಾಲು ಇರ್ತೈತೆ. ಆಗ ಕೆಲವ್ರು ಐಸ್‌ಕ್ರೀಮ್‌ನವ್ರ ಡೀಪ್ ಫ್ರೀಜರಲ್ಲಿ ತುರುಕ್ತಾರೆ, ಅದು ಮೈನಸ್ 18ರ ಹತ್ರ ಇರ್ತೈತೆ, ವೈನ್ ಮೈನಸ್ 5-6ಕ್ಕೇ ಹೆಪ್ಪುಗಟ್ಟಿ ಹಿಗ್ಗಿ ಬಾಟ್ಲಿ ಒಡೀತೈತೆ, ಐಸ್‌ಕ್ರೀಮ್ ತುಂಬ ಗಾಜು.

ನಾನು ಮಾಡೋದು ಹಿಂಗೆ. ದೊಡ್ಡ ಪ್ಲಾಸ್ಟಿಕ್ ಟಬ್, 12 ಬಾಟ್ಲಿಗೆ 15 ಕೆಜಿ ಐಸ್. ಐಸ್ ಗಡ್ಡೆ ಇಡಿಯಾಗಿ ಹಾಕ್ಬ್ಯಾಡ್ರಿ, ಗೋಣಿಚೀಲದಲ್ಲಿ ಸುತ್ತಿ ಕುಟ್ಟಿ ಪುಡಿ ಮಾಡ್ರಿ. ಅದರ ಮೇಲೆ ಹತ್ತು ಲೀಟರ್ ನೀರು ಹಾಕ್ಲೇಬೇಕು, ಇದನ್ನೇ ಎಲ್ರೂ ಮರೆಯೋದು. ಬರೀ ಐಸ್ ಆದ್ರೆ ಗಡ್ಡೆ ನಡುವೆ ಗಾಳಿ ಇರ್ತೈತೆ, ಬಾಟ್ಲಿಗೆ ತಂಪು ಸರಿಯಾಗಿ ತಾಗಲ್ಲ. ನೀರು ಇದ್ರೆ ಸುತ್ತ ಎಲ್ಲಾ ಕಡೆ ತಾಗ್ತೈತೆ. ಎರಡು ಹಿಡಿ ಕಲ್ಲುಪ್ಪು ಹಾಕಿದ್ರೆ ನೀರು ಸೊನ್ನೆಗಿಂತ ಕೆಳಗಿಳೀತೈತೆ, ಬಿಳಿ ವೈನ್ ಅರ್ಧ ಗಂಟೇಲಿ ರೆಡಿ. ಕುತ್ತಿಗೆ ತನಕ ಮುಳುಗಿರ್ಬೇಕು, ನಡುವೆ ಒಂದೆರಡು ಸಲ ಬಾಟ್ಲಿ ತಿರುಗಿಸ್ರಿ. ರೆಡ್‌ಗೆ ಹತ್ತು-ಹದಿನೈದು ನಿಮಿಷ ಸಾಕು, ಜಾಸ್ತಿ ತಣ್ಣಗಾದ್ರೆ ಬರೀ ಒಗರು ಉಳೀತೈತೆ. ಟಬ್ಬಿನ ಮೇಲೆ ಒದ್ದೆ ಗೋಣಿಚೀಲ ಮುಚ್ಚಿ, ಒಬ್ಬ ಹುಡುಗನ್ನ ಅದಕ್ಕಂತಾನೇ ನಿಲ್ಲಿಸ್ರಿ, ಗಂಟೆಗೊಮ್ಮೆ ಐಸ್ ಸೇರ್ಸಕ್ಕೆ. ಈ ಫ್ಯಾಕ್ಟರಿ ಐಸನ್ನ ಗ್ಲಾಸಿಗೆ ಮಾತ್ರ ಹಾಕ್ಬ್ಯಾಡ್ರಿ, ಅದು ಕುಡಿಯೋ ನೀರಿಂದಲ್ಲ.

ಸ್ಪಾರ್ಕ್ಲಿಂಗ್ ವೈನ್, ಅಂದ್ರೆ ಗುಳ್ಳೆ ಬರೋ ವೈನ್, ಬೇಕಂದ್ರೆ ಸ್ಟೇಜ್ ಮೇಲೆ ಟೋಸ್ಟಿಗೆ ಎರಡು ಬಾಟ್ಲಿ ಸಾಕು. ಪೂರ್ತಿ ತಣ್ಣಗಾಗಿರ್ಬೇಕು, ಬೆಚ್ಚಗಿದ್ರೆ ಅರ್ಧ ಮದುಮಗಳ ಸೀರೆ ಮೇಲೇ. ಅಲುಗಾಡಿಸ್ದೆ, ಓರೆಯಾಗಿ ಹಿಡ್ದು, ಬೂಚು ಬಿಗಿಯಾಗಿ ಒತ್ತಿಕೊಂಡು ಬಾಟ್ಲಿನ ತಿರುಗಿಸ್ರಿ. ಯಾರ ಮುಖದ ಕಡೆನೂ ಇರಬಾರದು.

ಗ್ಲಾಸ್ ಬಾಡಿಗೆಗೆ ತನ್ನಿ, ತೆಳು ಪ್ಲಾಸ್ಟಿಕ್ ಲೋಟ ಬ್ಯಾಡ. ಮೂರನೇ ಒಂದು ಭಾಗ ಮಾತ್ರ ಹಾಕ್ಸಿ, ನಮ್ಮ ಸೆಖೆಗೆ ತುಂಬ ಹಾಕಿದ್ರೆ ಮುಗಿಯೋದ್ರೊಳಗೆ ಬೆಚ್ಚಗಾಗ್ತೈತೆ. ಕೌಂಟರ್ ಸ್ಟೇಜಿಂದ ದೂರ, ಹಿರಿಯರು ಕೂತ ಕಡೆಯಿಂದ ಮರೆಯಾಗಿ ಇರ್ಲಿ. ಅದೇ ಥರ ಗ್ಲಾಸಲ್ಲಿ ನಿಂಬೆಹಣ್ಣಿನ ಪಾನಕನೂ ಇಡ್ರಿ, ವೈನ್ ಕುಡಿಯದೇ ಇರೋರಿಗೆ ಯಾರೂ ಯಾಕೆ ಅಂತ ಕೇಳಲ್ಲ. ತೋರಣಗಲ್ಲು, ಹೊಸಪೇಟೆ ಕಡೆ ರಾತ್ರಿ ವಾಪಸ್ ಹೋಗೋರಿಗೆ ಡ್ರೈವರ್ ಸಮೇತ ಒಂದು ಗಾಡಿ ಮೊದಲೇ ಹೇಳಿಟ್ಟಿರ್ರಿ. ತೆರೆದ ಬಾಟ್ಲಿ ಉಳಿದ್ರೆ ಬಿಗಿಯಾಗಿ ಮುಚ್ಚಿ ಫ್ರಿಜ್ಜಲ್ಲಿಡ್ರಿ, ಮೂರು ದಿನ ಚೆನ್ನಾಗಿರ್ತೈತೆ, ಆಮೇಲೆ ಹುಳಿ ಬರ್ತೈತೆ.