ಐವತ್ತು ದಾಟಿದ ಮೇಲೆ ನೆಲದಿಂದ ಭಾರ ಎತ್ತುವುದು ಹೇಗೆ?

ಮುಂಬೈ ಹಾಗೂ ಅದರ ಆಸುಪಾಸಿನ ಮುಲುಂಡ್, ಠಾಣೆ, ಡೊಂಬಿವಲಿ ಕಡೆಯ ಹೊಸ ವಸತಿ ಸೊಸೈಟಿಗಳಲ್ಲಿ ಈಗ ಕೆಳಗಡೆ ಒಂದು ಜಿಮ್ ಇದ್ದೇ ಇರುತ್ತದೆ. ಬೆಳಗ್ಗೆ ಹೋಗಿ ನೋಡಿ, ನಮ್ಮ ಕನ್ನಡದವರು ಟ್ರೆಡ್‌ಮಿಲ್ ಮೇಲೆ ಊರಿನ ಸುದ್ದಿ ಮಾತಾಡುತ್ತಾ ನಡೆಯುತ್ತಿರುತ್ತಾರೆ. ಆಮೇಲೆ ಡಾಕ್ಟರ್ ಹೇಳಿದ್ದು ನೆನಪಾಗಿ ಡಂಬೆಲ್ ಕಡೆ ಹೋಗುತ್ತಾರೆ. ಕಾಲು ನೆಟ್ಟಗೆ, ಬೆನ್ನು ಗೂನು, ಒಂದೇ ಜಗ್ಗಿಗೆ ಮೇಲೆ! ಮರುದಿನ ಸೊಂಟಕ್ಕೆ ಪಟ್ಟಿ. ‘ನಮ್ಮ ಪ್ರಾಯಕ್ಕೆ ಇದೆಲ್ಲ ಆಗುವುದಿಲ್ಲ ಮಾರಾಯ್ರೆ’ ಎಂದು ಮತ್ತೆ ಟ್ರೆಡ್‌ಮಿಲ್ಲಿಗೇ ವಾಪಸ್.

ಪ್ರಾಯವನ್ನು ಸುಮ್ನೆ ಬೈಯಬೇಡಿ. ಬಗ್ಗಿದ ರೀತಿ ಸರಿ ಇರಲಿಲ್ಲ, ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲಿ, ವಾರಕ್ಕೆ ಕನಿಷ್ಠ 2 ದಿನ ಮಾಂಸಖಂಡಗಳಿಗೆ ಕೆಲಸ ಕೊಡಿ ಎಂದಿದೆ. 65 ದಾಟಿದವರಿಗೂ ಅದರಿಂದ ರಿಯಾಯಿತಿ ಇಲ್ಲ. ನಡಿಗೆ ಒಳ್ಳೆಯದೇ, ಆದರೆ ಅದು ಈ ಕೆಲಸದ ಲೆಕ್ಕಕ್ಕೆ ಬರುವುದಿಲ್ಲ.

ಶುರು ಮಾಡುವ ಮೊದಲು

ಬಿಪಿ ಹತೋಟಿಯಲ್ಲಿ ಇಲ್ಲದವರು, ಹೃದಯದ ತೊಂದರೆ, ಹರ್ನಿಯಾ ಅಥವಾ ಡಿಸ್ಕ್ ತೊಂದರೆ ಇದ್ದವರು, ಈಚೆಗೆ ಕಣ್ಣಿನ ಪೊರೆ ತೆಗೆಸಿಕೊಂಡವರು ಮೊದಲು ಡಾಕ್ಟರನ್ನು ಕೇಳಿ. ಐದು ನಿಮಿಷ ಕೈಕಾಲು ಬಿಸಿ ಮಾಡಿಕೊಳ್ಳಿ. ಮೆತ್ತನೆಯ ದಪ್ಪ ಅಡಿಯ ರನ್ನಿಂಗ್ ಶೂ ಬಿಚ್ಚಿಡಿ, ಅದರ ಮೇಲೆ ನಿಂತು ಭಾರ ಎತ್ತಿದರೆ ಪಾದ ಅಲುಗುತ್ತದೆ. ಚಪ್ಪಟೆ ಅಡಿಯ ಕ್ಯಾನ್ವಾಸ್ ಶೂ ಸಾಕು. ಜಿಮ್‌ನವರು ಬಿಟ್ಟರೆ ಬರಿಗಾಲೇ ವಾಸಿ.

ಬಗ್ಗುವುದನ್ನು ಕಲಿಯಿರಿ

ಎಲ್ಲರೂ ಎಡವುವುದು ಇಲ್ಲಿಯೇ. ಇದು ಬರುವ ತನಕ ಡಂಬೆಲ್ ಮುಟ್ಟಬೇಡಿ. ಎರಡು ವಾರ ಹಿಡಿದರೂ ಹಿಡಿಯಲಿ.

ಮನೆಯ ಮಾಪ್ ಕೋಲು ತೆಗೆದುಕೊಳ್ಳಿ. ಬೆನ್ನ ಹಿಂದೆ ಉದ್ದಕ್ಕೆ ಹಿಡಿಯಿರಿ, ಒಂದು ಕೈ ಕತ್ತಿನ ಹಿಂದೆ, ಇನ್ನೊಂದು ಸೊಂಟದ ಹಿಂದೆ. ಕೋಲು ಮೂರು ಕಡೆ ತಾಗಬೇಕು: ತಲೆಯ ಹಿಂಭಾಗ, ಎರಡು ಹೆಗಲಿನ ನಡುವಿನ ಬೆನ್ನು, ಬೆನ್ನುಮೂಳೆಯ ಬುಡ. ಸೊಂಟದ ಹತ್ತಿರ ಕೋಲಿಗೂ ಬೆನ್ನಿಗೂ ನಡುವೆ ಅಂಗೈ ತೂರುವಷ್ಟು ಜಾಗ ಇದ್ದೇ ಇರುತ್ತದೆ, ಅದನ್ನು ಮುಚ್ಚಲು ಹೋಗಬೇಡಿ.

ಈಗ ಗೋಡೆಗೆ ಬೆನ್ನು ಮಾಡಿ, ಒಂದು ಪಾದದಷ್ಟು ಮುಂದೆ ನಿಲ್ಲಿ. ಮಂಡಿ ಸ್ವಲ್ಪವೇ ಸಡಿಲ. ಕೆಳಗೆ ಬಗ್ಗುವ ಯೋಚನೆ ಬಿಟ್ಟು, ಕುಂಡೆಯನ್ನು ಹಿಂದೆ ತಳ್ಳಿ ಗೋಡೆ ಮುಟ್ಟಿಸಿ. ಎದೆ ತಾನಾಗಿಯೇ ಮುಂದೆ ಬಾಗುತ್ತದೆ. ಮಡಚುವುದು ಪ್ಯಾಂಟಿನ ಬೆಲ್ಟ್ ಇರುವಲ್ಲಿ ಅಲ್ಲ, ಅದಕ್ಕಿಂತ ಕೆಳಗೆ, ತೊಡೆಸಂದಿನಲ್ಲಿ. ಗೋಡೆ ಮುಟ್ಟಿತಾ? ಎರಡು ಇಂಚು ಮುಂದೆ ಬನ್ನಿ. ಮತ್ತೆ ಮುಟ್ಟಿಸಿ.

ತಪ್ಪಿದರೆ ಕೋಲೇ ಹೇಳಿಕೊಡುತ್ತದೆ. ಬುಡದಲ್ಲಿ ಕೋಲು ಬಿಟ್ಟುಕೊಂಡರೆ ಬೆನ್ನು ಗೂನಾಗಿದೆ ಎಂದರ್ಥ, ನಿಮ್ಮ ಮಿತಿ ಅದಕ್ಕಿಂತ ಸ್ವಲ್ಪ ಮೇಲೆ. ತಲೆಯಲ್ಲಿ ಬಿಟ್ಟುಕೊಂಡರೆ ಒಂದೋ ಗಲ್ಲ ಎದೆಗೆ ಬಿದ್ದಿದೆ, ಇಲ್ಲಾ ಕತ್ತು ಮುಂದೆ ಚಾಚಿದೆ. ಮಂಡಿ ಮುಂದಕ್ಕೆ ಓಡಿದರೆ ನೀವು ಬಸ್ಕಿ ಹೊಡೆಯುತ್ತಿದ್ದೀರಿ, ಅದು ಬೇರೆ ವ್ಯಾಯಾಮ. ಸರಿಯಾಗಿ ಬಗ್ಗಿದರೆ ತೊಡೆಯ ಹಿಂಭಾಗ ಎಳೆದಂತಾಗುತ್ತದೆ. ಆ ಎಳೆತ ಗೊತ್ತಾಗದಿದ್ದರೆ ಎಲ್ಲೋ ತಪ್ಪಿದೆ. ಬೆಳಗ್ಗೆ ಲೋಕಲ್ ರೈಲಿನಲ್ಲಿ ನಿಂತೇ ಹೋಗಿರಬಹುದು, ಆದರೆ ಆಫೀಸಿನಲ್ಲೋ ಹೋಟೆಲಿನ ಗಲ್ಲಾದಲ್ಲೋ ಮೂವತ್ತು ವರ್ಷ ಕುಳಿತ ಕಾಲುಗಳಲ್ವಾ, ಬಿಗಿದಿರುತ್ತವೆ.

ಹಾಗಾಗಿ ಕೈ ನೆಲ ಮುಟ್ಟಲೇಬೇಕೆಂಬ ಹಟ ಬೇಡ. ಭಾರವನ್ನೇ ಎತ್ತರದಲ್ಲಿ ಇಡಿ. ಬಾರ್ ಅಂದರೆ ಎರಡು ತುದಿಗೂ ದುಂಡನೆಯ ತೂಕದ ಪ್ಲೇಟು ಹಾಕುವ ಉದ್ದನೆಯ ಸರಳು. ಸ್ಪರ್ಧೆಯ ದೊಡ್ಡ ಪ್ಲೇಟಿನ ಅಡ್ಡಳತೆ 45 ಸೆಂಟಿಮೀಟರ್, ಅದನ್ನು ಹಾಕಿದ ಬಾರ್ ನೆಲದಿಂದ 22.5 ಸೆಂಟಿಮೀಟರ್ ಮೇಲೆ ಇರುತ್ತದೆ. ಸೊಸೈಟಿ ಜಿಮ್‌ಗಳ 5 ಕಿಲೋ ಪ್ಲೇಟು ಚಿಕ್ಕದು, ಬಾರ್ ಇನ್ನೂ ಕೆಳಗೆ ಹೋಗುತ್ತದೆ. ಅಂದರೆ ಕಡಿಮೆ ತೂಕ ಎತ್ತುವ ಹೊಸಬರೇ ಜಾಸ್ತಿ ಬಗ್ಗಬೇಕು! ಎರಡೂ ಕಡೆ ಸ್ಟೆಪ್ ಹಲಗೆ ಇಟ್ಟು ಬಾರನ್ನು ಮಂಡಿಯ ಸ್ವಲ್ಪ ಕೆಳಗಿನ ಮಟ್ಟಕ್ಕೆ ತನ್ನಿ. ನನ್ನನ್ನು ಕೇಳಿದರೆ ಮೊದಲ ಮೂರು ತಿಂಗಳು ಬಾರೇ ಬೇಡ. ಖಾಲಿ ಬಾರೇ 20 ಕಿಲೋ ಇರುತ್ತದೆ. ಒಂದು ಕೆಟಲ್‌ಬೆಲ್ (ಮೇಲೆ ಹಿಡಿ ಇರುವ ಕಬ್ಬಿಣದ ಗುಂಡು) ಅನ್ನು ಗಟ್ಟಿ ಸ್ಟೂಲಿನ ಮೇಲಿಟ್ಟು, ಎರಡು ಪಾದಗಳ ನಡುವಿನಿಂದ ಎತ್ತಿ.

ಎತ್ತುವುದು, ಇಳಿಸುವುದು

ಬಗ್ಗಿ ಹಿಡಿಯಿರಿ. ಕೈ ಹಗ್ಗದ ಹಾಗೆ ನೇರ ಇರಲಿ. ಕಂಕುಳನ್ನು ಬಿಗಿ ಮಾಡಿ. ಭಾರ ಕಾಲಿಗೆ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು, ಅರ್ಧ ಅಡಿ ದೂರ ಹೋದರೂ ಅದೇ ತೂಕ ಸೊಂಟಕ್ಕೆ ಬಹಳ ಹೆಚ್ಚು ಎನಿಸುತ್ತದೆ. ಪಾದದಿಂದ ನೆಲ ಒತ್ತಿ ಎದ್ದು ನಿಲ್ಲಿ. ಮೇಲೆ ಬಂದಾಗ ಹಿಂದಕ್ಕೆ ವಾಲಬೇಡಿ. ಇಳಿಸುವಾಗಲೂ ಕುಂಡೆ ಮೊದಲು ಹಿಂದೆ ಹೋಗಬೇಕು. ಎತ್ತುವಾಗ ಇದ್ದ ಎಚ್ಚರ ಇಳಿಸುವಾಗ ಇರುವುದಿಲ್ಲ, ಕೊನೆಯ ಬಾರಿ ಸುಮ್ನೆ ಬಗ್ಗಿ ಇಟ್ಟುಬಿಡುತ್ತಾರೆ.

ಉಸಿರು ಕಟ್ಟಿ ಎತ್ತಿದರೆ ಬಿಪಿ ಸರ್ರನೆ ಏರುತ್ತದೆ. ಹುಡುಗರು ಏನೇ ಮಾಡಲಿ, ನೀವು ಏಳುತ್ತಾ ಉಸಿರು ಬಿಡಿ. ಇಷ್ಟು ತೂಕಕ್ಕೆ ಚರ್ಮದ ಬೆಲ್ಟ್ ಬೇಡ, ಬಗ್ಗುವ ತಪ್ಪನ್ನು ಅದು ತಿದ್ದುವುದಿಲ್ಲ.

ನೋಡಿ ಕಲಿಯಬೇಕಾದರೆ ಕುಂದಾಪುರ ಕಡೆಯ ಗುರುರಾಜ ಪೂಜಾರಿಯವರ ವಿಡಿಯೊ ನೋಡಿ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ ವೇಟ್‌ಲಿಫ್ಟಿಂಗ್‌ನ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದವರು. ಅವರದು ಬೇರೆ ಆಟ, ನಾವು ಅದನ್ನು ಮಾಡಲು ಹೋಗಬಾರದು. ಬಾರ್ ನೆಲ ಬಿಡುವ ಆ ಕ್ಷಣದಲ್ಲಿ ಅವರ ಬೆನ್ನನ್ನು ಮಾತ್ರ ಗಮನಿಸಿ.

ಎಷ್ಟು ಎತ್ತಬೇಕು?

ಎಂಟು ಸಲದ ಎರಡು ಸೆಟ್, ವಾರಕ್ಕೆ ಎರಡು ದಿನ. ಮುಗಿಸಿದಾಗ ಇನ್ನೂ ಎರಡು ಮೂರು ಸಲ ಎತ್ತುವ ಕಸುವು ಉಳಿದಿರಬೇಕು. ‘ಅಂಕಲ್, ಏಕ್ ಔರ್!’ ಎಂದು ಟ್ರೇನರ್ ಹುರಿದುಂಬಿಸುತ್ತಾನೆ. ನಕ್ಕು ಕೆಳಗಿಡಿ. ಮಾಂಸಖಂಡ ಬೇಗ ಬಲವಾಗುತ್ತದೆ, ಅದನ್ನು ಎಲುಬಿಗೆ ಕಟ್ಟಿರುವ ಟೆಂಡನ್‌ಗೆ ಅದಕ್ಕಿಂತ ಜಾಸ್ತಿ ಸಮಯ ಬೇಕು. ತೋಳಿಗೆ ಹಗುರ ಎನಿಸಿದ ಕೂಡಲೇ ತೂಕ ಏರಿಸಿದವರಿಗೆ ಮೊಣಕೈ, ಭುಜ ನೋಯಲು ಇದೇ ಕಾರಣ.

ಭುಜದ ಮಾತು ಬಂತಲ್ಲ, ಬಾರನ್ನು ಕತ್ತಿನ ಹಿಂದೆ ಎಳೆಯುವುದು ಮತ್ತು ಗಲ್ಲದವರೆಗೆ ಎತ್ತುವುದು ಎರಡನ್ನೂ ಬಿಟ್ಟುಬಿಡಿ. ಮಂಡಿ ಲಟಲಟ ಅಂದರೂ ನೋವು, ಊತ ಇಲ್ಲದಿದ್ದರೆ ಗಾಬರಿ ಬೇಡ. ಮಂಡಿಯ ಕಾರ್ಟಿಲೇಜಿಗೆ, ಅಂದರೆ ಕೀಲಿನಲ್ಲಿ ಎಲುಬಿನ ತುದಿಯನ್ನು ಮುಚ್ಚಿರುವ ನುಣುಪಾದ ಪದರಕ್ಕೆ, ರಕ್ತನಾಳಗಳೇ ಇಲ್ಲ, ಕೀಲಿನೊಳಗಿನ ದ್ರವದಿಂದಲೇ ಅದಕ್ಕೆ ಪೋಷಣೆ. ಕೀಲು ಆಡಿದರೆ ಆ ದ್ರವ ಒಳಗೆ ಹೋಗುತ್ತದೆ, ಆದ್ದರಿಂದ ಮಂಡಿಗೆ ಪೂರ್ತಿ ರಜೆ ಕೊಡುವುದು ಉಪಾಯವಲ್ಲ. ಮಂಡಿಗೆ ಹಾಕುವ ನೀ-ಕ್ಯಾಪ್ ಬಿಸಿ ಇಡುತ್ತದೆ, ಧೈರ್ಯ ಕೊಡುತ್ತದೆ, ಅದಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ.

ಎರಡೂ ತೊಡೆ ಒಂದೇ ರೀತಿ ನೊಂದು ಎರಡು ಮೂರು ದಿನದಲ್ಲಿ ಇಳಿದರೆ ಅದು ಮಾಮೂಲು. ಬೆರಳಿಟ್ಟು ತೋರಿಸುವಂತೆ ಒಂದೇ ಕೀಲು ನೋಯುತ್ತಿದ್ದರೆ, ಊದಿದ್ದರೆ, ಕಾಲಿನ ಕೆಳಗೆ ಜೋಮು ಇಳಿದರೆ ಎತ್ತುವುದನ್ನು ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಇನ್ನು ಮನೆಯ ಗ್ಯಾಸ್ ಸಿಲಿಂಡರ್. ಒಳಗಿನ ಗ್ಯಾಸ್ 14.2 ಕಿಲೋ, ಕಬ್ಬಿಣದ ತೂಕ ಸೇರಿದರೆ ಹತ್ತಿರ ಹತ್ತಿರ 30. ಬಗ್ಗುವುದು ಚೆನ್ನಾಗಿ ಬಂದ ಮೇಲೂ ಅದನ್ನು ಒಬ್ಬರೇ ಎತ್ತಬೇಡಿ. ಮೇಲಿನ ಬಳೆ ಹಿಡಿದು ಸ್ವಲ್ಪ ಓರೆ ಮಾಡಿ, ತಳದ ಅಂಚಿನ ಮೇಲೆ ತಿರುಗಿಸುತ್ತಾ ಅಡುಗೆಮನೆಗೆ ಒಯ್ಯಿರಿ. ಹೊಸ್ತಿಲು ದಾಟಿಸಲು ಮಗನನ್ನೋ ಸೊಸೆಯನ್ನೋ ಕರೆಯಿರಿ.