ಪೋರ್ನ್ ನೋಡೋದು ಬಿಡಬೇಕು ಅಂತಿದ್ದರೆ, ಮೊದಲು ಮೊಬೈಲಿಗೆ ಮಲಗಲು ಬೇರೆ ಜಾಗ ಮಾಡಿ

ಈ ವಿಷಯಕ್ಕೆ ನಮ್ಮಲ್ಲಿ ಸರಿಯಾದ ಹೆಸರೇ ಇಲ್ಲ. ನಾವು ಕಾಲೇಜಿಗೆ ಹೋಗುವಾಗ 'ಬಿಎಫ್' (ಬ್ಲೂ ಫಿಲ್ಮ್) ಅನ್ನುತ್ತಿದ್ದೆವು, ಮಲಯಾಳಿ ಗೆಳೆಯರು 'ತುಂಡು' ಅನ್ನುತ್ತಿದ್ದರು, ಈಗಿನ ಹುಡುಗರು ಸೀದಾ ಪೋರ್ನ್ ಅನ್ನುತ್ತಾರೆ. ಹೆಂಡತಿಯ ಹತ್ತಿರ ಹೇಳಬೇಕಾದಾಗ ಈ ಮೂರರಲ್ಲಿ ಒಂದೂ ಬಾಯಿಗೆ ಬರುವುದಿಲ್ಲ. ನನಗೂ ಬರಲಿಲ್ಲ. 'ಮೊಬೈಲಲ್ಲಿ ಅದು' ಅಂದೆ. ಅವಳಿಗೆ ಗೊತ್ತಾಯಿತು.

ನಾನು ಡಾಕ್ಟರಲ್ಲ. ಕೇರಳದ ಕಾಸರಗೋಡಿನ ನೀರ್ಚಾಲು ಕಡೆಯವ, ಆರು ವರ್ಷ ದುಬೈಯಲ್ಲಿದ್ದು ಬಂದು ಈಗ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಗಲ್ಫಿಗೆ ಹೋದವರಿಗೆ ಬೆಡ್‌ಸ್ಪೇಸ್ ಅಂದರೇನು ಅಂತ ಹೇಳಬೇಕಾಗಿಲ್ಲ. ಒಂದು ರೂಮು, ಆರು ಮಂದಿ, ಎರಡಂತಸ್ತಿನ ಮಂಚ, ಮಂಚಕ್ಕೊಂದು ಪರದೆ. ಆ ಪರದೆಯ ಒಳಗೆ ನಮ್ಮದು ಅಂತ ಇರುವುದು ಒಂದು ದಿಂಬು, ಒಂದು ಚಾರ್ಜರ್. ಅಲ್ಲಿ ಇಂಥ ಸೈಟುಗಳೆಲ್ಲ ಬ್ಲಾಕ್, ಆದರೂ ದಾರಿ ಹುಡುಕುವವನಿಗೆ ದಾರಿ ಸಿಕ್ಕಿಯೇ ಸಿಗುತ್ತದೆ. ಊರಿಗೆ ಬಂದರೆ ತನ್ನಿಂದ ತಾನೇ ನಿಲ್ಲುತ್ತದೆ ಅಂದುಕೊಂಡಿದ್ದೆ, ಹೆಂಡತಿ ಪಕ್ಕದಲ್ಲೇ ಇರುತ್ತಾಳಲ್ವಾ. ನಿಲ್ಲಲಿಲ್ಲ. ಅವಳಿಗೆ ನಿದ್ದೆ ಬಂದ ಮೇಲೆ ಬ್ರೈಟ್‌ನೆಸ್ ಪೂರ್ತಿ ಇಳಿಸಿ ಗೋಡೆಗೆ ಮುಖ ಮಾಡಿ ಮಲಗುವುದು ಅಲ್ಲಿಯ ಹಾಗೆಯೇ ಇಲ್ಲಿಯೂ ನಡೆಯಿತು. ಪರದೆ ಮಾತ್ರ ಇರಲಿಲ್ಲ.

ಬಿಡುವುದು ಹೇಗೆ ಅಂತ ಹೇಳುವ ಮೊದಲು ತಲೆಯೊಳಗೆ ಏನಾಗುತ್ತದೆ ಅಂತ ಸ್ವಲ್ಪ ನೋಡೋಣ. ಡೋಪಮೈನ್ ಅಂದರೆ ಖುಷಿ ಕೊಡುವ ರಾಸಾಯನಿಕ ಅಂತ ಎಲ್ಲ ಕಡೆ ಹೇಳುತ್ತಾರೆ, ಆದರೆ ಅದರ ಕೆಲಸ ಖುಷಿಗಿಂತ ಜಾಸ್ತಿ 'ಬೇಕು ಬೇಕು' ಅನ್ನಿಸುವುದು. ವೋಲ್ಫ್ರಾಮ್ ಶುಲ್ಟ್ಸ್ ಅನ್ನುವ ವಿಜ್ಞಾನಿ ಮಂಗಗಳಿಗೆ ಜ್ಯೂಸ್ ಕೊಟ್ಟು ನೋಡಿದ್ದರು. ಮೊದಮೊದಲು ಜ್ಯೂಸ್ ಸಿಕ್ಕಾಗ ಡೋಪಮೈನ್ ಕೋಶಗಳು ಚುರುಕಾಗುತ್ತಿದ್ದವು. ದೀಪ ಹೊತ್ತಿದ ಮೇಲೆ ಜ್ಯೂಸ್ ಬರುತ್ತದೆ ಅಂತ ಮಂಗಕ್ಕೆ ಅಭ್ಯಾಸವಾದ ಮೇಲೆ, ದೀಪ ಹೊತ್ತಿದ ಕೂಡಲೇ ಚುರುಕಾಗತೊಡಗಿದವು. ಯಕ್ಷಗಾನದ ಚೆಂಡೆ ದೂರದಿಂದ ಕೇಳಿದ ಕೂಡಲೇ ಕೆಲವರ ಕಾಲು ಗದ್ದೆಯ ಕಡೆ ಹೊರಡುತ್ತದಲ್ಲ, ಹಾಗೆ. ನನ್ನ ಚೆಂಡೆ ಯಾವುದು ಅಂದರೆ ಲೈಟ್ ಆರಿಸುವ ಸ್ವಿಚ್ಚಿನ ಸದ್ದು. ಮನಸ್ಸಿನಲ್ಲಿ ಏನೂ ಇಲ್ಲದಿದ್ದರೂ ಆ ಟಕ್ ಕೇಳಿದ ಕೂಡಲೇ ಕೈ ದಿಂಬಿನ ಅಡಿಗೆ ಹೋಗುತ್ತಿತ್ತು.

2014ರಲ್ಲಿ ಕೇಂಬ್ರಿಜ್‌ನಲ್ಲಿ ಈ ಚಟ ಕೈಮೀರಿದ 19 ಗಂಡಸರನ್ನೂ, ಅದಿಲ್ಲದ 19 ಮಂದಿಯನ್ನೂ ಇಂಥ ವಿಡಿಯೋ ತೋರಿಸಿ ಮೆದುಳು ಸ್ಕ್ಯಾನ್ ಮಾಡಿದ್ದರು. ಡ್ರಗ್ಸ್ ಚಟದವರಿಗೆ ಡ್ರಗ್ಸ್ ನೆನಪಾಗುವ ಚಿತ್ರ ತೋರಿಸಿದರೆ ಮೆದುಳಿನ ಯಾವ ಭಾಗಗಳು ಎದ್ದು ಕೂರುತ್ತವೋ, ಚಟ ಕೈಮೀರಿದವರಲ್ಲಿ ಅದೇ ಭಾಗಗಳು ಜಾಸ್ತಿ ಕೆಲಸ ಮಾಡಿದವು. ಅದಕ್ಕಿಂತ ನನಗೆ ನಾಟಿದ್ದು ಇನ್ನೊಂದು. ಅವರಿಗೆ 'ಬೇಕು' ಅನ್ನುವುದು ಜಾಸ್ತಿ ಇತ್ತು, ಆದರೆ 'ಇಷ್ಟ' ಉಳಿದವರಿಗಿಂತ ಜಾಸ್ತಿ ಇರಲಿಲ್ಲ. ನೋಡಿ ಮುಗಿದ ಮೇಲೆ 'ಛೆ, ಇದಕ್ಕಾ ಒಂದು ಗಂಟೆ ನಿದ್ದೆ ಕೆಟ್ಟೆ' ಅನ್ನಿಸುತ್ತದಲ್ಲ, ಅದು ಇದೇ. ಅದೇ ವರ್ಷ ಬರ್ಲಿನ್‌ನಲ್ಲಿ 64 ಗಂಡಸರ ಮೆದುಳು ನೋಡಿದಾಗ, ಜಾಸ್ತಿ ಹೊತ್ತು ನೋಡುವವರಲ್ಲಿ ಕಾಡೇಟ್ ಅನ್ನುವ ಭಾಗ ಸ್ವಲ್ಪ ಚಿಕ್ಕದಾಗಿ ಕಂಡಿತು. ಆದರೆ ನೋಡಿ ನೋಡಿ ಚಿಕ್ಕದಾಯಿತೋ, ಮೊದಲೇ ಚಿಕ್ಕದಿದ್ದವರು ಜಾಸ್ತಿ ನೋಡುತ್ತಾರೋ ಅಂತ ಆ ಸ್ಕ್ಯಾನಿನಿಂದ ಹೇಳಲು ಬರುವುದಿಲ್ಲ. ಹಾಗಾಗಿ 'ಪೋರ್ನ್ ನೋಡಿದರೆ ಮೆದುಳು ಕರಗುತ್ತದೆ' ಅಂತ ಫ್ಯಾಮಿಲಿ ಗ್ರೂಪಿಗೆ ಬರುವ ಫಾರ್ವರ್ಡ್‌ಗಳನ್ನು ಓದಿ ಹೆದರಬೇಡಿ. ಹೆದರಿದವನು ಆ ಹೆದರಿಕೆ ಮರೆಯಲು ಮತ್ತೆ ಅದೇ ಮೊಬೈಲ್ ಹಿಡಿಯುತ್ತಾನೆ.

ನಿಮ್ಮದು ಚಟವಾ ಅಲ್ವಾ ಅಂತ ತಿಳಿಯಲು ವಿಶ್ವ ಆರೋಗ್ಯ ಸಂಸ್ಥೆಯವರದ್ದೇ ಒಂದು ಅಳತೆ ಉಂಟು. 2022ರ ಜನವರಿಯಿಂದ ಜಾರಿಗೆ ಬಂದ ಅವರ ರೋಗಗಳ ಪಟ್ಟಿಯಲ್ಲಿ, ಲೈಂಗಿಕ ವರ್ತನೆ ಹಿಡಿತ ತಪ್ಪುವುದನ್ನೂ ಒಂದು ಕಾಯಿಲೆ ಅಂತ ಸೇರಿಸಿದ್ದಾರೆ. ಆರು ತಿಂಗಳೋ ಅದಕ್ಕಿಂತ ಜಾಸ್ತಿಯೋ ಬಿಡಲು ನೋಡಿಯೂ ಆಗುತ್ತಿಲ್ಲ, ಅದರಿಂದ ಕೆಲಸ, ಮನೆ, ಆರೋಗ್ಯ ಹಾಳಾಗುತ್ತಿದೆ ಅಂದರೆ ಅದು ಕಾಯಿಲೆ. ಸುಮ್ನೆ ಪಾಪಪ್ರಜ್ಞೆ ಕಾಡುತ್ತದೆ ಅನ್ನುವುದೊಂದೇ ಕಾರಣಕ್ಕೆ ಕಾಯಿಲೆ ಅನ್ನಬಾರದು ಅಂತಲೂ ಅದರಲ್ಲೇ ಇದೆ. ತಿಂಗಳಿಗೆ ಎರಡು ಸಲ ನೋಡಿ 'ನಾನು ಕೆಟ್ಟುಹೋದೆ' ಅಂತ ನಿದ್ದೆ ಬಿಡುವ ಹುಡುಗರು ನಮ್ಮಲ್ಲಿ ಇದ್ದಾರೆ. ಅವರಿಗೆ ಬೇಕಾದ್ದು ಮದ್ದಲ್ಲ, ಸಮಾಧಾನ.

ಈಗ ಕೆಲಸಕ್ಕೆ ಬರೋಣ.

ಮೊದಲ ವಾರ ಏನೂ ಬಿಡಬೇಡಿ. ಬರೆದಿಡಿ, ಅಷ್ಟೇ. ಎಷ್ಟು ಗಂಟೆಗೆ, ಎಲ್ಲಿ, ಅದಕ್ಕಿಂತ ಮೊದಲು ಏನಾಗಿತ್ತು. ನಾನು ಅಡಿಕೆ ಲೆಕ್ಕದ ಪುಸ್ತಕದ ಕೊನೆ ಹಾಳೆಯಲ್ಲಿ ಬರೆದೆ, ಬೇರೆಯವರು ನೋಡಿದರೆ ಕೂಲಿ ಲೆಕ್ಕ ಅಂದುಕೊಳ್ಳಬೇಕು, ಹಾಗೆ. ವಾರದ ಕೊನೆಗೆ ನೋಡಿದರೆ ಒಂಬತ್ತರಲ್ಲಿ ಏಳು ಸಲ ರಾತ್ರಿ ಹನ್ನೊಂದರ ಮೇಲೆ, ಹಾಸಿಗೆಯಲ್ಲಿ. ಆ ಏಳರಲ್ಲಿ ಐದು ದಿನ ಸಾಲದ ವಿಷಯದ ಫೋನ್ ಬಂದಿತ್ತು. ನನಗೆ ಆಸೆ ಜಾಸ್ತಿ ಅಂತ ನಾನು ತಿಳಿದುಕೊಂಡಿದ್ದೆ, ಪುಸ್ತಕದಲ್ಲಿ ನೋಡಿದರೆ ತಲೆಬಿಸಿ ಜಾಸ್ತಿ.

ಆಮೇಲೆ ಮೊಬೈಲನ್ನು ಮಲಗುವ ಕೋಣೆಯಿಂದ ಹೊರಗೆ ಹಾಕಿ. ಚಾರ್ಜರ್ ಚಾವಡಿಯಲ್ಲಿರಲಿ. 'ಅಲಾರಂ ಬೇಕಲ್ಲ' ಅಂತ ಮನಸ್ಸು ಹೇಳುತ್ತದೆ, ನನ್ನದೂ ಹೇಳಿತು. ಬದಿಯಡ್ಕದಲ್ಲಿ ಒಂದು ಅಲಾರಂ ಗಡಿಯಾರ ತಂದೆ. ಬ್ಲಾಕ್ ಮಾಡುವ ಆ್ಯಪುಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ, ಪಾಸ್‌ವರ್ಡ್ ಹಾಕಿದವನಿಗೆ ತೆಗೆಯಲೂ ಗೊತ್ತಿರುತ್ತದೆ. ಆದರೂ ಆಂಡ್ರಾಯ್ಡ್ ಸೆಟ್ಟಿಂಗಿನಲ್ಲಿ ಪ್ರೈವೇಟ್ ಡಿಎನ್‌ಎಸ್ ಅಂತ ಇರುತ್ತದೆ, ಅಲ್ಲಿ ಇಂಟರ್ನೆಟ್ ಕಂಪನಿ ಕ್ಲೌಡ್‌ಫ್ಲೇರ್‌ನವರ ಫ್ಯಾಮಿಲಿ ಡಿಎನ್‌ಎಸ್ ಹಾಕಿದರೆ ಇಂಥ ಸೈಟುಗಳಲ್ಲಿ ಹೆಚ್ಚಿನವು ತೆರೆಯುವುದಿಲ್ಲ. ಮಕ್ಕಳ ಕೈಗೆ ಹೋಗುವ ಫೋನಿಗಂತೂ ಹಾಕಿಯೇ ಬಿಡಿ.

ಆಸೆ ಬಂದಾಗ ಅದರ ಜೊತೆ ಜಗಳಕ್ಕೆ ನಿಲ್ಲಬೇಡಿ. ಕುಂಬಳೆ ಕಡಲಲ್ಲಿ ಇಳಿದವರಿಗೆ ಗೊತ್ತು, ಅಲೆಗೆ ಎದೆ ಕೊಟ್ಟು ಸೆಟೆದು ನಿಂತರೆ ಮಗುಚಿ ಹಾಕುತ್ತದೆ, ಅದರ ಜೊತೆ ಮೈ ಬಿಟ್ಟು ಮೇಲೇರಿದರೆ ಅಡಿಯಿಂದ ಹಾದುಹೋಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಕುಡಿತ, ಸಿಗರೇಟು ಬಿಡುವವರಿಗೆ ಕಲಿಸುತ್ತಿದ್ದದ್ದು ಹೆಚ್ಚುಕಡಿಮೆ ಇದನ್ನೇ. ಆಸೆ ಏರುತ್ತದೆ, ತುದಿಗೆ ಹೋಗುತ್ತದೆ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಅಷ್ಟು ಹೊತ್ತು ಎದ್ದು ಓಡಾಡಿ. ನಾನು ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದೆ. ಮಳೆಗಾಲದಲ್ಲಿ ಅಡುಗೆ ಕೋಣೆಗೆ ಹೋಗಿ ನೀರು ಕುಡಿಯುತ್ತಿದ್ದೆ, ಒಂದು ದಿನ ನಿದ್ದೆಗಣ್ಣಲ್ಲಿ ಕುಡಿದದ್ದು ಗಂಜಿ ತಿಳಿ.

ಜಾರಿದರೆ? ಜಾರುತ್ತೀರಿ. ಹೊಸ ಅಭ್ಯಾಸ ಕೂರಲು ಸರಾಸರಿ 66 ದಿನ ಬೇಕು ಅಂತ ಲಂಡನ್ ಯೂನಿವರ್ಸಿಟಿ ಕಾಲೇಜಿನವರು ಲೆಕ್ಕ ಹಾಕಿದ್ದಾರೆ. ಕೆಲವರಿಗೆ 18 ದಿನ, ಕೆಲವರಿಗೆ 254. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವಿಲ್ಲ ಅಂತಲೂ ಅದರಲ್ಲೇ ಕಂಡುಬಂತು. ಒಂದು ದಿನ ನೋಡಿದೆ ಅಂತ 'ಹೇಗೂ ಹಾಳಾಯಿತಲ್ಲ' ಎಂದು ಇಡೀ ವಾರ ನೋಡುವುದು ಇದೆಯಲ್ಲ, ನಷ್ಟ ಅಲ್ಲಿ.

ಇನ್ನು ಹೆಂಡತಿಗೆ ಹೇಳುವುದು. ಇದಕ್ಕೆ ನಾನು ಮೂರು ತಿಂಗಳು ತೆಗೆದುಕೊಂಡೆ.

ಅಮೆರಿಕದಲ್ಲಿ ಮದುವೆಯಾದವರನ್ನು ಕೆಲವು ವರ್ಷ ಹಿಂಬಾಲಿಸಿದ ಒಂದು ಅಧ್ಯಯನ 2018ರಲ್ಲಿ ಬಂದಿದೆ. ಆ ವರ್ಷಗಳ ನಡುವೆ ಹೊಸದಾಗಿ ಪೋರ್ನ್ ನೋಡಲು ಶುರು ಮಾಡಿದವರಲ್ಲಿ ವಿಚ್ಛೇದನದ ಸಾಧ್ಯತೆ 6ರಿಂದ 11 ಶೇಕಡಕ್ಕೆ ಏರಿತ್ತು. ನೋಡಿದ್ದಕ್ಕೆ ಮುರಿಯಿತೋ, ಮುರಿಯುತ್ತಿದ್ದದ್ದಕ್ಕೆ ನೋಡಿದರೋ, ಎರಡೂ ಇರಬಹುದು. ನನ್ನ ಮನೆಯಲ್ಲಿ ಸಂಬಂಧ ಹಾಳು ಮಾಡಿದ್ದು ವಿಡಿಯೋಕ್ಕಿಂತ ಜಾಸ್ತಿ ನನ್ನ ಕಳ್ಳತನ. ಕರೆಂಟು ಬಿಲ್ ನೋಡಲು ಅವಳು ಫೋನ್ ಎತ್ತಿಕೊಂಡರೆ ಸಿಡುಕುತ್ತಿದ್ದೆ. ಸ್ನಾನಕ್ಕೆ ಹೋಗುವಾಗಲೂ ಫೋನ್ ಜೊತೆಗೆ. ಅವಳು ಹತ್ತಿರ ಬಂದರೆ 'ಸುಸ್ತು'. ಸ್ಕ್ರೀನಿನಲ್ಲಿ ಒಂದು ಸಪ್ಪೆಯಾದರೆ ಬೆರಳು ತಳ್ಳಿದರೆ ಇನ್ನೊಂದು ಬರುತ್ತದೆ. ಮನುಷ್ಯರು ಹಾಗಲ್ಲ, ಅವರಿಗೆ ಬೆನ್ನು ನೋವಿರುತ್ತದೆ, ಬೇಸರ ಇರುತ್ತದೆ, ಮಗುವಿಗೆ ಜ್ವರ ಇರುತ್ತದೆ. ಅಷ್ಟು ತಾಳ್ಮೆ ನನ್ನಲ್ಲಿ ಉಳಿದಿರಲಿಲ್ಲ. ಒಂದು ಮಾತು: ಹಾಸಿಗೆಯಲ್ಲಿ ದೇಹ ಸಹಕರಿಸುತ್ತಿಲ್ಲ ಅಂದರೆ ಎಲ್ಲವನ್ನೂ ಪೋರ್ನಿನ ತಲೆಗೆ ಕಟ್ಟಬೇಡಿ, ಮೊದಲು ಶುಗರ್, ಬಿಪಿ ನೋಡಿಸಿ.

ಹೇಳುವುದು ಯಾವಾಗ? ಮಲಗುವಾಗ ಬೇಡ, ಜಗಳದ ಮೇಲೆ ಬೇಡ. ನಾನು ಅಡಿಕೆ ಸುಲಿಯುವಾಗ ಹೇಳಿದೆ. ಇಬ್ಬರಿಗೂ ಕೈತುಂಬ ಕೆಲಸ, ಮುಖ ಮುಖ ನೋಡಬೇಕಾಗಿಲ್ಲ. ಏನು ನೋಡುತ್ತೇನೆ ಅಂತ ವಿವರ ಬೇಡ, ಎಷ್ಟು ಕಾಲದಿಂದ, ಈಗ ಏನು ಮಾಡುತ್ತಿದ್ದೇನೆ, ಅಷ್ಟು ಸಾಕು. ಅವಳು ಸ್ವಲ್ಪ ಹೊತ್ತು ಸುಲಿಯುತ್ತಲೇ ಇದ್ದಳು. ಆಮೇಲೆ 'ನನ್ನಲ್ಲಿ ಏನು ಕಮ್ಮಿ ಇತ್ತು?' ಅಂದಳು. ಏನೂ ಇಲ್ಲ, ಇದು ಮದುವೆಗಿಂತ ಹಳೆಯದು ಅಂದೆ. ನಿಜ ಅದು. ಮತ್ತೆ ವಾದಕ್ಕೆ ಹೋಗಲಿಲ್ಲ. ನಾಲ್ಕು ದಿನ ಮಾತು ಬೇಕಾದಷ್ಟೇ. ಐದನೇ ದಿನ ಅವಳೇ ಹೇಳಿದ್ದು, 'ನೀವು ನೋಡಿದ್ದಕ್ಕಿಂತ, ನಾನು ಬಂದ ಕೂಡಲೇ ಫೋನ್ ಕವುಚಿ ಇಡ್ತಿದ್ರಲ್ಲ, ಅದು ಜಾಸ್ತಿ ಬೇಜಾರಾದ್ದು.'

ನೀವೇ ಗಂಡನ ಫೋನಿನಲ್ಲಿ ನೋಡಿ ಗೊತ್ತಾದವರಾದರೆ, ಕೇಳಿ, ಸಿಟ್ಟು ಬಂದರೆ ಸಿಟ್ಟು ಮಾಡಿ. ಆದರೆ ದಿನಾ ಫೋನ್ ಚೆಕ್ ಮಾಡುವ ಡ್ಯೂಟಿ ತೆಗೆದುಕೊಳ್ಳಬೇಡಿ, ಅವನು ಇನ್ನೂ ಹುಷಾರಾಗಿ ಅಡಗಿಸುತ್ತಾನೆ, ನಿಮ್ಮ ನಿದ್ದೆಯೂ ಹೋಗುತ್ತದೆ. ಹೆಂಗಸರೂ ನೋಡುತ್ತಾರೆ, ಮೇಲೆ ಹೇಳಿದ್ದೆಲ್ಲ ಅವರಿಗೂ ಸೇರಿಸಿಯೇ.

ಸ್ವಂತವಾಗಿ ಆಗದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಹಣ ಇಲ್ಲ, ಕನ್ನಡದಲ್ಲೂ ಮಾತಾಡುವ ವ್ಯವಸ್ಥೆ ಉಂಟು. ಕೇರಳದ ಆರೋಗ್ಯ ಸಹಾಯವಾಣಿ ದಿಶಾದ ನಂಬರ್ 1056. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್ನೆಟ್ ಚಟಕ್ಕೆ ಅಂತಲೇ 2014ರಿಂದ ಶಟ್ ಕ್ಲಿನಿಕ್ ಇದೆ. ಹೇಗೂ ಸಣ್ಣ ಜ್ವರಕ್ಕೂ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋಗುವವರು ನಾವು, ಇದಕ್ಕೂ ಅಲ್ಲಿ ಮನೋವೈದ್ಯರು ಸಿಗುತ್ತಾರೆ.

'ಪೋರ್ನ್ ನೋಡಿದ್ದಕ್ಕೆ ಕೇಸ್ ಆಗಿದೆ, ದಂಡ ಕಟ್ಟಿ' ಅಂತ ಫೋನೋ ಮೆಸೇಜೋ ಬಂದರೆ ಮೋಸ ಅಂತಲೇ ತಿಳಿಯಿರಿ, ಒಂದು ರೂಪಾಯಿ ಕಳಿಸಬೇಡಿ. ದೊಡ್ಡವರು ಖಾಸಗಿಯಾಗಿ ಒಬ್ಬರೇ ನೋಡಿದರೆ ಅಶ್ಲೀಲತೆಯ ಅಪರಾಧ ಆಗುವುದಿಲ್ಲ ಅಂತ ಕೇರಳ ಹೈಕೋರ್ಟ್ 2023ರಲ್ಲಿ ಹೇಳಿದೆ. ಮಕ್ಕಳಿರುವ ವಿಡಿಯೋ ಆದರೆ ಬೇರೆ ಮಾತು, ನೋಡುವುದು, ಇಟ್ಟುಕೊಳ್ಳುವುದು ಎರಡೂ ಅಪರಾಧ, 2024ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಖಂಡಿತವಾಗಿ ಹೇಳಿದೆ. ಗೊತ್ತಿಲ್ಲದ ಹುಡುಗಿಯ ವಿಡಿಯೋ ಕಾಲ್ ತೆಗೆದು ರೆಕಾರ್ಡ್ ಆಗಿ ಬ್ಲ್ಯಾಕ್‌ಮೇಲ್ ಬಂದರೆ ಸೈಬರ್ ಕ್ರೈಮ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಅಲಾರಂ ಗಡಿಯಾರ ಟಿಕ್ ಟಿಕ್ ಅಂತ ಸದ್ದು ಮಾಡಿ ಅವಳಿಗೆ ನಿದ್ದೆ ಬರುವುದಿಲ್ಲವಂತೆ. ಈಗ ಅದೂ ಚಾವಡಿಯಲ್ಲಿ, ಮೊಬೈಲಿನ ಪಕ್ಕ. ಬೆಳಿಗ್ಗೆ ಐದೂವರೆಗೆ ಎದ್ದು ಅಲ್ಲಿವರೆಗೆ ನಡೆದೇ ಆಫ್ ಮಾಡಬೇಕು.